ಕಾಶವ್ವನ ಸೋಡಾ ಯಂತ್ರ ರಂಗ ಹತ್ತಿದ್ದು

ನಾನು ಒಂದು ಗೋಲಿಸೋಡಾ ಯಂತ್ರ. ಹುಬ್ಬಳ್ಳಿಯ ಎರಕದ ಮನೆಯಲ್ಲಿ ಹುಟ್ಟಿದೆ. ಮೈಬಣ್ಣ ಹಸಿರು, ಸ್ವಭಾವ ಗದ್ದಲದ್ದು. ಹಿಡಿಕೆ ತಿರುಗಿಸಿದರೆ ಇಡೀ ಓಣಿಗೆ ನನ್ನ ಸದ್ದು ಕೇಳುತ್ತಿತ್ತು.

ಬ್ರಿಟಿಷರ ಕಾಲದಲ್ಲಿ ನನ್ನನ್ನು ಕೊಂಡು ಗದಗಿಗೆ ತಂದವಳು ಕಾಶವ್ವ. ಗಂಡ ತೀರಿಕೊಂಡ ಹೆಂಗಸು ಮೂಲೆ ಹಿಡಿಯಬೇಕೆನ್ನುತ್ತಿದ್ದ ಕಾಲ ಅದು. ಈಕೆ ಪೇಟೆಯ ನಡುವೆ ಸೋಡಾ ಅಂಗಡಿ ತೆರೆದಳು! ಬೆಳ್ಳಂಬೆಳಗ್ಗೆ ಬರಿ ಹಣೆಯವಳ ಮುಖ ನೋಡಿದರೆ ಹೋದ ಕೆಲಸ ಕೆಡುತ್ತದೆಂದು ಜನ ಮುಖ ತಿರುಗಿಸಿ ನಡೆದರು. ಕಾಶವ್ವ ಕಟ್ಟೆಗೆ ಬಂದು, ಗೋಲಿ ಒತ್ತಿ, ಮೊದಲ ಸೋಡಾ ತಾನೇ ಗಟಗಟ ಕುಡಿದಳು.

"ನನ್ನ ಅಂಗಡಿ ಬೋಣಿಗಿ ನಾನೇ ಮಾಡೀನಿ. ನೀರಡಿಕಿ ಆದವರು ಬರ್ರಿ, ಶಕುನ ನೋಡಾವರು ಮನ್ಯಾಗ ಕುಂದರ್ರಿ!"

ಪೇಟೆ ನಕ್ಕಿತು. ನಕ್ಕವರಿಗೂ ಬಾಯಾರಿಕೆ ಇತ್ತಲ್ಲ, ಒಬ್ಬೊಬ್ಬರಾಗಿ ಬಂದರು. ಮುಂದೆ ಅವಳ ಸೋಡಾ ರೈಲು ಹತ್ತಿ ಊರೂರಿಗೆ ಹೋಯಿತು. ತನ್ನಂಥ ಹೆಂಗಸರನ್ನೇ ಕರೆದು ಕೆಲಸ ಕೊಟ್ಟಳು. ಅಂಥ ಗಟ್ಟಿಗಿತ್ತಿಯನ್ನು ನಾನು ಮತ್ತೆ ಕಾಣಲಿಲ್ಲ.

ಅವಳು ಹೋದಳು, ಬಣ್ಣಬಣ್ಣದ ಬಾಟಲಿಗಳು ಬಂದವು. ನಾನು ಗುಜರಿ ಸೇರಿದೆ. ಅಲ್ಲಿಂದ ನನ್ನನ್ನು ಎತ್ತಿ ತಂದವಳು ಧಾರವಾಡದ ನಟಿ ವಿನೋದಾ. ಕಾಶವ್ವನ ಬದುಕನ್ನು ಅವಳು ಒಬ್ಬಳೇ ರಂಗದ ಮೇಲೆ ಆಡಿ ತೋರಿಸುವವಳಿದ್ದಳು. ಜೊತೆಗೆ ನಾನೊಬ್ಬನೇ.

ಅವಳ ಅತ್ತೆ ಅಂಬವ್ವ ಮಾತ್ರ ಪಟ್ಟು ಹಿಡಿದಳು. "ಗಂಡ ಗಟ್ಟಿಮುಟ್ಟ ಇದ್ದಾಗ ಮುತ್ತೈದಿ ಕುಂಕುಮ ಅಳಸತಾಳೇನು? ನಾಟಕ ಅಂದ್ರೂ ಅಪಶಕುನನ."

ವಿನೋದಾ ಸೋತಳು. ಮೊದಲ ಪ್ರಯೋಗಕ್ಕೆ ಢಾಳಾದ ಕುಂಕುಮ ಇಟ್ಟುಕೊಂಡೇ ಕಾಶವ್ವನಾದಳು. ಇಂಥ ಲಕ್ಷಣವಂತೆಯನ್ನು ಕಂಡು ಪೇಟೆ ಯಾಕೆ ಮುಖ ತಿರುಗಿಸಿತೆಂದು ಯಾರಿಗೂ ತಿಳಿಯಲಿಲ್ಲ. ಹಿಂದಿನಿಂದ ಒಬ್ಬ ಕೂಗಿದ: "ಸೋಡಾದಾಗ ಗ್ಯಾಸ್ ಇಲ್ಲೇನ್ರೀ?" ಸಭೆ ಗೊಳ್ಳೆಂದಿತು. ಪರದೆ ಬಿದ್ದ ಮೇಲೆ ವಿನೋದಾ ನನಗೆ ಒರಗಿ ಅತ್ತಳು. ಗದಗಿನಲ್ಲೂ ಹೀಗೇ ಆದರೆ ನಾಟಕ ನಿಲ್ಲಿಸುವುದೆಂದು ತಂಡದವರು ಹೇಳಿಬಿಟ್ಟರು.

ಗದಗಿನ ಪ್ರಯೋಗಕ್ಕೆ ಅಂಬವ್ವ ಸೊಸೆ ಕುಂಕುಮ ಅಳಿಸದಂತೆ ಕಾಯಲೆಂದೇ ಮುಂದಿನ ಸಾಲಿನಲ್ಲಿ ಕೂತಳು. ಬೋಣಿಗೆಯ ದೃಶ್ಯ ಬಂತು. ವಿನೋದಾ ಅತ್ತೆಯತ್ತ ಒಮ್ಮೆ ನೋಡಿ, ಸೆರಗಿನಿಂದ ಹಣೆಯ ಕುಂಕುಮ ಒರೆಸಿಕೊಂಡಳು. ಅಂಬವ್ವ ಎದ್ದು ನಿಂತಳು. ಕಬ್ಬಿಣದವನಾದರೂ ನಾನು ಹೆದರಿದೆ. ಆಕೆ ಹೊರಗೆ ಹೋಗಲಿಲ್ಲ, ಸ್ವಲ್ಪ ಹೊತ್ತು ನಿಂತಿದ್ದು ಕೂತುಕೊಂಡಳು. ಕೊನೆಯಲ್ಲಿ ಚಪ್ಪಾಳೆ ನಿಲ್ಲಲೇ ಇಲ್ಲ.

ಈಗ ನನಗೆ ಮುಪ್ಪು. ಹಲ್ಲುಚಕ್ರ ಸವೆದಿದೆ, ಸೋಡಾ ಆಗುವುದಿಲ್ಲ. ಪರದೆಯ ಹಿಂದಿನ ಮೂಲೆಯೇ ನನ್ನ ಮನೆ. ಬಾಯಾರಿಕೆ ತಣಿಸುವುದಷ್ಟೇ ನನ್ನ ಕೆಲಸ ಎಂದುಕೊಂಡಿದ್ದೆ. ಅಂದು ಗದಗಿನಲ್ಲಿ ನಾಟಕ ಮುಗಿದ ಮೇಲೆ ಅಂಬವ್ವ ಪರದೆಯ ಹಿಂದೆ ಬಂದು ನನ್ನ ಹಿಡಿಕೆ ಹಿಡಿದು ನಿಂತಳು. ಅವಳದೂ ಬರಿ ಹಣೆಯೇ.

"ಗಂಡ ಹ್ವಾದ ಮ್ಯಾಲೆ ಎಷ್ಟೋ ವರ್ಷ ನಾ ಹಗಲಹೊತ್ತು ಹೊಸ್ತಿಲಾ ದಾಟಲಿಲ್ಲ, ವಿನೋದಾ. ಈಕಿ ಕಥಿ ಆಗ ನನಗ ಯಾರೂ ಹೇಳಲಿಲ್ಲ."

ವಿನೋದಾ ಅತ್ತೆಯ ಕೈ ಹಿಡಿದುಕೊಂಡಳು. ಅಂಬವ್ವ ಕಣ್ಣೊರೆಸಿಕೊಂಡು ಗದರಿದಳು:

"ನಾಳಿನ ಆಟದಾಗ ಹಂಗ ಸೆರಗಿನ ಮರ್ಯಾಗ ಕುಂಕುಮ ಒರಸಬ್ಯಾಡ. ಕೈಯಿಲೆ ಒರಸು. ಎಲ್ಲಾರಿಗೂ ಕಾಣಲಿ."