ಕುದುರೆಯವನನ್ನು ಬಚ್ಚಿಟ್ಟ ಹೆಂಗಸರು

ಮಗಳನ್ನು ಮಣ್ಣು ಮಾಡಿ ಒಂದೂವರೆ ತಿಂಗಳಿಗೆ ಗುಬ್ಬಿ ಪ್ರೆಸ್ಸಿನ ಕೆಲಸಕ್ಕೆ ವಾಪಸು ಬಂದಳು. ಮನೇಲಿ ಇದ್ದದ್ದೇ ಇಬ್ಬರು, ತಾಯಿ ಮಗಳು. ಏಳು ವರ್ಷದ ಹುಡುಗಿ, ಮೂರೇ ದಿನದ ಜ್ವರ. ಮೊದಲು ದಿನವಿಡೀ ವಟವಟ ಅನ್ನುತ್ತಿದ್ದವಳಿಗೆ ಜೊತೆಯ ಹೆಂಗಸರು ಗುಬ್ಬಿ ಅಂತ ಹೆಸರಿಟ್ಟಿದ್ದರು. ಈಗ ಬಾಯಿಗೆ ಬೀಗ ಬಿದ್ದಿತ್ತು, ಹೆಸರು ಮಾತ್ರ ಉಳಿದಿತ್ತು.

ಆಗ ನಡೀತಿದ್ದದ್ದು ಟ್ಯಾರೋ ಕಾರ್ಡಿನ ಕೆಲಸ. ಭವಿಷ್ಯ ಹೇಳೋರು ಇಟ್ಟುಕೊಳ್ಳೋ ಚಿತ್ರದ ಕಾರ್ಡುಗಳು. ಡಬ್ಬಿಗೆ ಎಪ್ಪತ್ತೆಂಟು, ಒಟ್ಟು ಎರಡು ಸಾವಿರ ಡಬ್ಬಿ. ಉದ್ದ ಮೇಜಿನ ಮೇಲೆ ಒಂದೊಂದು ಚಿತ್ರದ್ದು ಒಂದೊಂದು ರಾಶಿ. ಏಳು ಹೆಂಗಸರು ಮೇಜು ಸುತ್ತುತ್ತಾ, ರಾಶಿಗೊಂದರಂತೆ ಎತ್ತಿ ಕಟ್ಟು ಮಾಡಬೇಕು. ಕಾರ್ಡಿನ ನಿಜವಾದ ಹೆಸರು ಯಾರಿಗೆ ಬೇಕಾಗಿತ್ತು? ಅವರೇ ಇಟ್ಟುಕೊಂಡಿದ್ದರು: ತಲೆಕೆಳಗೆ ನೇತಾಡೋನು, ಸಿಂಹದ ಬಾಯಿ ಮುಚ್ಚೋಳು, ಲೋಟದಿಂದ ಲೋಟಕ್ಕೆ ನೀರು ಹುಯ್ಯೋಳು. ಕಟ್ಟು ಕೊನೆಗೆ ಗುಬ್ಬಿ ಕೈಗೆ. ಎಣಿಸೋಳು ಅವಳು. ಹೆಬ್ಬೆರಳಲ್ಲಿ ಸರಸರ ಸರಿಸಿ, ಸರಿಯಿದ್ದರೆ ಡಬ್ಬಿಗೆ ಹಾಕಿ ಪಟ್ಟಿಯಲ್ಲಿ ಒಂದು ಗೆರೆ.

ಮೂರು ದಿನ ಎಣಿಸಿ ಎರಡು ಸಾವಿರವನ್ನೂ ಮುಗಿಸಿದಳು. ತಂದ ಬುತ್ತಿ ಮುಚ್ಚಳ ಕೂಡ ತೆಗೆಯದೆ ಮನೆಗೆ ವಾಪಸು ಹೋಗುತ್ತಿತ್ತು. ಮಗಳ ಸುದ್ದಿ ಯಾರೂ ಎತ್ತಲಿಲ್ಲ. ಒಬ್ಬಳು ತನ್ನ ಮಗುವಿನ ಹಲ್ಲು ಬಿದ್ದ ಕಥೆ ಶುರು ಮಾಡಿದವಳು ಗುಬ್ಬಿಯ ಮುಖ ನೋಡಿ ಮಾತನ್ನು ಸೆಕೆಯ ಕಡೆಗೆ ತಿರುಗಿಸಿದಳು. ಗುಬ್ಬಿಗೆ ಅದೂ ಒಂದೇ, ಇದೂ ಒಂದೇ.

ನಾಲ್ಕನೇ ದಿನ ಬೆಳಿಗ್ಗೆ ಮೇಸ್ತ್ರಿ ಒಂದು ಡಬ್ಬಿ ತೆಗೆದು ಎಣಿಸಿದ. ಎಪ್ಪತ್ತೇಳು. ಇನ್ನೊಂದು ತೆಗೆದ. ಎಪ್ಪತ್ತೇಳು. ಹತ್ತು ಡಬ್ಬಿ ನೋಡುವಷ್ಟರಲ್ಲಿ ಅವನ ಮುಖ ಕಪ್ಪಿಟ್ಟಿತ್ತು. ಹದಿಮೂರನೇ ಕಾರ್ಡು ಒಂದರಲ್ಲೂ ಇಲ್ಲ.

"ಸಂಜೆ ಐದಕ್ಕೆ ಲಾರಿ ಬರತ್ತೆ. ಆ ರಾಶಿ ಎಲ್ಲಿ? ಯಾರ ಕೆಲಸ ಇದು?"

ದೊಡ್ಡಕ್ಕ ಮುಂದೆ ಬಂದಳು. ಮೇಜಿಗೆಲ್ಲ ಹಿರಿಯಳು, ಇಪ್ಪತ್ತೆರಡು ವರ್ಷ ಇದೇ ಕೆಲಸ, ಯಾರಿಗೂ ಸೊಪ್ಪು ಹಾಕದ ಹೆಂಗಸು.

"ನನ್ನದೇ. ರದ್ದಿ ಮೂಟೆ ಹಿಂದೆ ಇಟ್ಟಿದ್ದೀನಿ."

"ಯಾಕೆ?"

"ಅದರಲ್ಲಿ ಸಾವು ಕುದುರೆ ಮೇಲೆ ಕೂತಿದೆ. ಕೆಳಗೊಂದು ಹೆಣ್ಣು ಮಗು. ಅದನ್ನ ಇವಳ ಕಣ್ಣಿಗೆ ಎರಡು ಸಾವಿರ ಸಲ ತೋರಿಸೋಕೆ ನಮಗೆ ಮನಸ್ಸು ಬರಲಿಲ್ಲ. ಒಂದು ಚಿತ್ರ ಇಲ್ಲದಿದ್ರೆ ಯಾರಪ್ಪನ ಗಂಟು ಹೋಗತ್ತೆ ಅಂದ್ಕೊಂಡ್ವಿ."

ಇದನ್ನ ದಡ್ಡತನ ಅನ್ನಬೇಕೋ, ಪ್ರೀತಿ ಅನ್ನಬೇಕೋ, ನೀವೇ ಹೇಳಿ. ಮೇಸ್ತ್ರಿಗಂತೂ ಮೊದಲನೆಯದೇ ಸರಿ ಅನ್ನಿಸಿತು. "ಲಾರಿ ಖಾಲಿ ಹೋದ್ರೆ ನೀವೂ ಮನೆಗೆ ಹೋಗಿ ದೊಡ್ಡಕ್ಕ. ನಾಳೆಯಿಂದ ಬರಬೇಡಿ," ಅಂದ.

ಗುಬ್ಬಿ ತನ್ನ ಹೆಬ್ಬೆರಳು ನೋಡಿಕೊಂಡಳು. ಅದಕ್ಕೆ ಗೊತ್ತಿತ್ತು. ಮೊದಲನೇ ಡಬ್ಬಿಯಲ್ಲೇ ಒಂದು ಕಡಿಮೆ ಅಂತ ಗೊತ್ತಾಗಿತ್ತು, ಗೊತ್ತಾಗಿಯೂ ಗೆರೆ ಎಳೆದಿದ್ದಳು. ಒಂದು ಕಡಿಮೆ ಇರೋದೇ ಇನ್ನುಮುಂದೆ ಸರಿಯಾದ ಲೆಕ್ಕ ಅನ್ನಿಸಿತ್ತು, ಅಷ್ಟೇ.

"ಎಣಿಸಿದೋಳು ನಾನು," ಅಂದಳು. ಎಷ್ಟೋ ದಿನದ ಮೇಲೆ ಹೊರಟ ಧ್ವನಿ, ತುಕ್ಕು ಹಿಡಿದಂತಿತ್ತು. "ಕಡಿಮೆ ಇದೆ ಅಂತ ಗೊತ್ತಿದ್ದೂ ಬಿಟ್ಟೆ. ಆ ರಾಶಿ ತನ್ನಿ. ಐದರೊಳಗೆ ಹಾಕೋಣ."

ಎಂಟು ಜನ ಕೂತರು, ತಲೆಗೆ ಇನ್ನೂರೈವತ್ತು ಡಬ್ಬಿ. "ನೀನು ಬರೀ ಮುಚ್ಚಳ ಹಾಕು ಸಾಕು," ಅಂತ ದೊಡ್ಡಕ್ಕ ಅಂದರೂ ಗುಬ್ಬಿ ಕೇಳಲಿಲ್ಲ. ಮೊದಲನೇ ಕಾರ್ಡು ಎತ್ತಿ ನೋಡಿದಳು. ರಾಜ ನೆಲಕ್ಕೆ ಬಿದ್ದಿದ್ದಾನೆ. ಒಬ್ಬ ಹೆಂಗಸು ಮುಖ ತಿರುಗಿಸಿಕೊಂಡಿದ್ದಾಳೆ. ಮಗು ಮಾತ್ರ ಹೆದರಿಲ್ಲ, ಬಿಳಿ ಕುದುರೆಗೆ ಹೂವು ಚಾಚಿದೆ. ಗುಬ್ಬಿಗೆ ಅಳು ಬರಲಿಲ್ಲ. ಏನೂ ಬರಲಿಲ್ಲ. ಹದಿನಾಲ್ಕನೆಯವಳು, ಆ ನೀರು ಹುಯ್ಯೋಳು, ಎಲ್ಲಿದ್ದಾಳೆ ಅಂತ ಹುಡುಕಿ, ಅವಳಿಗಿಂತ ಮುಂಚೆ ಇದನ್ನು ಸೇರಿಸಿ, ಡಬ್ಬಿ ಮುಚ್ಚಿದಳು. ಇನ್ನೊಂದು. ಮತ್ತೊಂದು. ಪ್ರತಿ ಸಲವೂ ಕುದುರೆಯ ಬೆನ್ನಿಗೇ ಆ ಹದಿನಾಲ್ಕನೆಯವಳು, ಒಂದು ಹನಿಯೂ ಚೆಲ್ಲದೆ ಹುಯ್ಯುತ್ತಾ ನಿಂತಿರುತ್ತಿದ್ದಳು.

ನೂರು ದಾಟಿರಬೇಕು. ಗುಬ್ಬಿ ತಲೆ ಎತ್ತದೆ ಅಂದಳು, "ನನ್ನ ಮಗಳಾಗಿದ್ರೆ ಮೊದಲು ಕುದುರೆ ಹೆಸರು ಕೇಳ್ತಿದ್ಲು."

ಮೇಜಿನ ಸುತ್ತ ಎಲ್ಲರ ಕೈ ನಿಂತಿತು. ದೊಡ್ಡಕ್ಕನ ಕೈ ಮಾತ್ರ ನಿಲ್ಲಲಿಲ್ಲ. "ನೀನೇನು ಹೇಳ್ತಿದ್ದೆ?"

"ಏನೋ ಒಂದು. ಒಪ್ಪುತ್ತಿರಲಿಲ್ಲ. ತಾನೇ ಇಡ್ತಿದ್ಲು."

"ಏನಂತ?"

"ಬೆಣ್ಣೆ ಅಂತ. ಬೆಳ್ಳಗಿರೋದಕ್ಕೆಲ್ಲ ಅದೇ ಹೆಸರು. ಬೀದಿ ನಾಯಿಗೂ ಬೆಣ್ಣೆ, ಮೇಲಿನ ಮನೆ ತಾತನಿಗೂ ಬೆಣ್ಣೆ."

ಯಾರೋ ಕಿಸಕ್ಕನೆ ನಕ್ಕು, ತಪ್ಪಾಯಿತೆಂದು ಬಾಯಿ ಮುಚ್ಚಿಕೊಂಡರು.

"ನಗ್ರೇ," ಅಂದಳು ಗುಬ್ಬಿ. "ಅವಳಿಗೆ ಜನ ನಕ್ರೆ ಇಷ್ಟ."

ಅಲ್ಲಿಂದ ಬೆಣ್ಣೆಯನ್ನು ಡಬ್ಬಿಗೆ ಹಾಕಿದ್ದೇ ಹಾಕಿದ್ದು. ಹಲ್ಲು ಬಿದ್ದ ಮಗುವಿನ ಕಥೆಯೂ ನಡುವೆ ಮುಗಿಯಿತು. ಐದಕ್ಕೆ ಹತ್ತು ನಿಮಿಷ ಇರುವಾಗ ಕೊನೇ ಡಬ್ಬಿ ಮುಚ್ಚಿ, ಲಾರಿ ತುಂಬಿ ಕಳಿಸಿದರು. ಮೇಸ್ತ್ರಿ ದೊಡ್ಡಕ್ಕನಿಗೆ "ನಾಳೆ ಲೇಟು ಮಾಡಬೇಡಿ" ಅಂದು ಒಳಗೆ ಹೋದ. ಹೋಗಲಿ ಬಿಡಿ ಅನ್ನೋದಕ್ಕೆ ಆ ಮನುಷ್ಯನಿಗೆ ಬೇರೆ ಮಾತು ಬರದು.

ದೊಡ್ಡಕ್ಕ ಗುಬ್ಬಿಯ ಚೀಲ ಎತ್ತಿ ಕೊಡುತ್ತಾ, "ಬುತ್ತಿ ಇವತ್ತೂ ಭಾರವಾಗೇ ಇದೆಯಲ್ಲೇ," ಅಂದಳು.

ಗುಬ್ಬಿ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು ಮುಚ್ಚಳ ತೆಗೆದಳು. "ದಿನಾ ಇಬ್ಬರಿಗಾಗೋಷ್ಟು ಆಗಿಬಿಡತ್ತೆ. ಅನ್ನಕ್ಕಿಡುವಾಗ ಕೈ ಇನ್ನೂ ಇಬ್ಬರಿಗೇ ಅಳೆಯುತ್ತೆ," ಅಂದಳು. "ಕೂತ್ಕೊಳ್ಳಿ."

ದೊಡ್ಡಕ್ಕ ಕೂತು ಒಂದು ತುತ್ತು ಬಾಯಿಗಿಟ್ಟಳು.

"ಉಪ್ಪೇ ಹಾಕಿಲ್ಲ ಕಣೇ."

"ಗೊತ್ತೇ ಆಗಿರಲಿಲ್ಲ," ಅಂದಳು ಗುಬ್ಬಿ. "ನಾಳೆ ಹಾಕ್ತೀನಿ."