ಒಳಗೆ ಹೋದ ಒಲೆ

ಅದಿರು ಲಾರಿಗಳು ಹಗಲೆಲ್ಲ ಹರಿದಾಡುವ ಮರಿಯಮ್ಮನಹಳ್ಳಿ ರಸ್ತೆಬದಿಯ ಗಂಗಾಂಬಿಕಾಳ ಖಾನಾವಳಿಗೆ ಬೋರ್ಡೇ ಇರಲಿಲ್ಲ. ಬಾಗಿಲಲ್ಲೇ ಒಲೆ ಹೂಡಿ ಜೋಳದ ರೊಟ್ಟಿ ತಟ್ಟುತ್ತಿದ್ದ ಅವಳನ್ನು ಕಂಡೇ ಡ್ರೈವರುಗಳು ಲಾರಿ ನಿಲ್ಲಿಸುತ್ತಿದ್ದರು.

ತಟ್ಟಿ ತಟ್ಟಿ ಹೆಬ್ಬೆರಳಿನ ಬುಡ ಊದಿಕೊಂಡಾಗ ಹೊಸಪೇಟೆಯ ಡಾಕ್ಟರ್ ಶ್ರೀಲಕ್ಷ್ಮೀ ಅವಳ ಮಣಿಕಟ್ಟಿಗೊಂದು ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರು. ನೋವು ಹೇಳಹೆಸರಿಲ್ಲದಂತೆ ಹೋಯಿತು. ಆದರೆ ಎರಡು ತಿಂಗಳಿಗೆ ಸೂಜಿ ಚುಚ್ಚಿದ ಜಾಗ ಬೆಳ್ಳಗಾಗಿ, ಚರ್ಮ ತೆಳುವಾಗಿ, ಸಣ್ಣ ತಗ್ಗು ಬಿತ್ತು.

"ಯವ್ವಾ, ತೊನ್ನಲ್ಲೇನ ಇದು! ಮಂದಿ ಕಂಡ್ರ ನಿನ್ನ ಕೈ ರೊಟ್ಟಿ ಯಾರ್ ತಿಂತಾರ?" ಎಂದಳು ಅತ್ತೆ ಮರುಳಸಿದ್ದಮ್ಮ.

ಗಂಗಾಂಬಿಕಾ ಬಳೆಗಳನ್ನು ಮಚ್ಚೆಯ ಮೇಲೆ ಎಳೆದುಕೊಂಡಳು. ಆದರೆ ತಟ್ಟುವಾಗ ಬಳೆಗಳನ್ನು ಮೇಲಕ್ಕೆ ಸರಿಸಲೇಬೇಕು, ಮಣಿಕಟ್ಟು ಮುಚ್ಚಿಡುವಂತಿಲ್ಲ. ಮರುದಿನವೇ ಒಲೆಯನ್ನು ಒಳಕೋಣೆಗೆ ಸಾಗಿಸಿದಳು. ಬಡಿಸಲು ಅತ್ತೆ ನಿಂತಳು. ಕೆಲವೇ ದಿನಗಳಲ್ಲಿ ಅರ್ಧ ಗಿರಾಕಿಗಳು ಮಾಯ. ಮಚ್ಚೆಯ ಸುದ್ದಿ ಹೇಗೋ ಹಬ್ಬಿತೆಂದುಕೊಂಡು ಅವಳು ಹೊಸಪೇಟೆಗೆ ಓಡಿದಳು.

ಸ್ಪರ್ಶ ತಿಳಿಯುತ್ತದೆಯೇ ಎಂದು ಡಾಕ್ಟರು ಮಚ್ಚೆಯ ಮೇಲೆ ಹತ್ತಿ ಆಡಿಸಿ, ಒತ್ತಿ ನೋಡಿದರು. "ಇದು ತೊನ್ನಲ್ಲಮ್ಮ. ಔಷಧ ಚರ್ಮದ ಕೆಳಗ ಸೋರಿದ್ರ ಅಲ್ಲಿ ಬಣ್ಣ ಹುಟ್ಟೋದು ಕಮ್ಮಿ ಆಗ್ತದ, ಕೊಬ್ಬು ಕರಗ್ತದ. ಬಹಳ ಮಂದಿಗೆ ತಾನಾಗೇ ಸರಿ ಹೋಗ್ತದ, ವರ್ಷ ಹಿಡೀಬಹುದು. ಕೆಲವರಿಗೆ ಸ್ವಲ್ಪ ಉಳೀತದ."

"ರೊಟ್ಟಿಗೆ ಅಂಟಂಗಿಲ್ಲೇನ್ರಿ?"

"ಇಲ್ಲ. ತೊನ್ನೂ ಅಂಟೋ ರೋಗ ಅಲ್ಲ."

ಅವಳು ಹಿಂದಿರುಗಿದಾಗ ಹಳೆಯ ಗಿರಾಕಿ, ಡ್ರೈವರ್ ತೋಟಪ್ಪ, ಬಾಗಿಲಲ್ಲಿ ನಿಂತಿದ್ದ.

"ಅಕ್ಕಾ, ಒಲಿ ಒಳಗ ಯಾಕ ಒಯ್ದಿ? ತಂಗಳ ರೊಟ್ಟಿ ಬಿಸಿ ಮಾಡಿ ಕೊಡ್ತಾಳ ಅಂತ ಲಾರಿ ಲೈನ್ ತುಂಬ ಐತಿ ಮಾತು!"

ಅವಳಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಗಿರಾಕಿಗಳನ್ನು ಓಡಿಸಿದ್ದು ಮಚ್ಚೆಯಲ್ಲ, ಮರೆ. ಒಲೆ ಹೊರಗೆ ಬಂತು. ಹಿಟ್ಟು ನಾದಿ, ಬಳೆ ಸರಿಸಿ, ತಟ್ಟತೊಡಗಿದಳು. ತೋಟಪ್ಪನ ಕಣ್ಣು ಮಣಿಕಟ್ಟಿನ ಮೇಲೆ ನಿಂತಿತು. ಅವಳು ಬಳೆ ಕೆಳಗಿಳಿಸಲಿಲ್ಲ.

"ಸೂಜಿ ಔಷಧಕ್ಕ ಬಣ್ಣ ಹೋಗೇತಿ. ಅಂಟಂಗಿಲ್ಲ," ಎಂದಳು.

"ಸಂಡೂರ ಗಣಿ ಧೂಳಿಗೆ ನಾವೆಲ್ಲ ಕೆಂಪಾಗೀವಿ. ನೀನಾರ ಒಂದೀಟು ಬೆಳ್ಳಗಾಗು! ಜಲ್ದಿ ತಟ್ಟಕ್ಕಾ, ಭಾಳ ಹಸಿವಾಗೈತಿ."

"ಮದ್ಲ ಆ ಕೆಂಪು ಕೈ ತೊಳ್ಕೊಂಡು ಕುಂದ್ರಲೇ," ಎಂದು ಮರುಳಸಿದ್ದಮ್ಮ ಚೊಂಬು ಚಾಚಿದಳು.

ಹಂಚಿನ ಮೇಲೆ ರೊಟ್ಟಿ ಉಬ್ಬಿತು. ರಸ್ತೆಯಲ್ಲಿ ಇನ್ನೊಂದು ಲಾರಿ ನಿಧಾನವಾಯಿತು. ಗಂಗಾಂಬಿಕಾ ತಲೆಯೆತ್ತದೆ ಮತ್ತೊಂದು ಉಂಡೆ ಕೈಗೆತ್ತಿಕೊಂಡಳು.