ಕಾದು ಕೇಳಿದವರು

ಬಸ್ ಚಾಲಕನ ಮಗಳಿಗೆ ಚಿಕ್ಕಂದಿನಿಂದ ಉಗ್ಗು. ಸಸ್ಯಶಾಸ್ತ್ರದ ಪದವಿಗೆಂದು ಹೊರದೇಶದ ಎರಡು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದ್ದಳು. ಎರಡೂ ಕಡೆಯವರು ಕಂಪ್ಯೂಟರಿನಲ್ಲೇ ಸಂದರ್ಶನ ಮಾಡಿದಾಗ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ಕಿವಿಗೊಟ್ಟು ನಿಂತಿದ್ದ.

ಮೊದಲನೆಯದು ಜಗತ್ತೆಲ್ಲ ಹೆಸರು ಮಾಡಿದ್ದು. ಅಲ್ಲಿಯ ಅಧಿಕಾರಿ ಬಹಳ ಸಭ್ಯರು. ಮಗಳು ತಡವರಿಸಿದಲ್ಲೆಲ್ಲ ಮುಂದಿನ ಮಾತನ್ನು ತಾವೇ ಆಡಿ ಮುಗಿಸಿದರು. ಅವಳು ಹೂಂಗುಟ್ಟುತ್ತಾ ಕೂತಳು. ಎರಡನೆಯದರ ಹೆಸರನ್ನು ಯಾರೂ ಕೇಳಿರಲಿಲ್ಲ. ಮಗಳ ಗಂಟಲಲ್ಲಿ ಮಾತು ಸಿಕ್ಕಿಕೊಂಡಾಗ ಅಲ್ಲಿಯ ಪ್ರಾಧ್ಯಾಪಕಿ ಸುಮ್ಮನೆ ಕಾದರು. ಅಪ್ಪನ ಜೀವ ಬಾಯಿಗೆ ಬಂದಿತ್ತು. ಕೊನೆಗೂ ಮಾತು ಹೊರಬಿತ್ತು. ಆಮೇಲೆ ಇಬ್ಬರೂ ಪಾಚಿಯ ಬಗ್ಗೆ ಹರಟಿದ್ದೇ ಹರಟಿದ್ದು.

ಸೀಟು ಎರಡೂ ಕಡೆ ಸಿಕ್ಕಿತು. ಅಪ್ಪ ದೊಡ್ಡ ಹೆಸರನ್ನು ಆಗಲೇ ಡಿಪೋ ತುಂಬಾ ಡಂಗುರ ಸಾರಿದ್ದ.

"ಅಪ್ಪಾ, ನಾನು ಎ... ಎರಡನೇದಕ್ಕೆ ಹೋಗ್ತೀನಿ," ಎಂದಳು ಮಗಳು.

"ಅಯ್ಯೋ ನಮ್ಮಮ್ಮಾ, ಆ ಊರಿನ ಹೆಸರಿಗೆ ನನ್ನ ನಾಲಿಗೇನೇ ಹೊರಳಲ್ವಲ್ಲೇ!"

"ಅಲ್ಲಿ ನನ್ನ ಮಾತು ನಾನೇ ಆಡ್ಬಹುದಪ್ಪಾ."

ಅಪ್ಪನಿಗೆ ಚುರುಕ್ಕೆಂದಿತು. ಅಂಗಡಿಯಲ್ಲಿ, ನೆಂಟರ ಮುಂದೆ ಅವಳ ಮಾತನ್ನು ಪ್ರೀತಿಯಿಂದಲೇ ಕಸಿದುಕೊಳ್ಳುತ್ತಾ ಬಂದವನು ತಾನೂ ಹೌದಲ್ಲ! "ನಾನೇ ಫೋನ್ ಮಾಡಿ ಹೇಳ್ಲಾ?" ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡು ಫೋನನ್ನು ಅವಳ ಕೈಗಿತ್ತ.

ಫೋನೆಂದರೆ ಮಾರುದೂರ ಓಡುತ್ತಿದ್ದ ಹುಡುಗಿ ತಾನೇ ಆ ಎರಡನೆಯ ವಿಶ್ವವಿದ್ಯಾಲಯದ ನಂಬರು ಒತ್ತಿದಳು. ತನ್ನ ಹೆಸರಿನ ಮೊದಲಕ್ಷರದಲ್ಲೇ ಎಡವಿದಳು, ಮತ್ತೆ ಎಡವಿದಳು. ಅಪ್ಪ ತುಟಿ ಬಿಚ್ಚಲಿಲ್ಲ. ಹೆಸರು ಪೂರ್ತಿ ಹೊರಬಂದ ಮೇಲೆ ಮಗಳು ಕಿಟಕಿಯತ್ತ ನಡೆಯುತ್ತಾ, ಹಾಸ್ಟೆಲಿನ ಬಗ್ಗೆ ಒಂದಾದ ಮೇಲೊಂದು ಪ್ರಶ್ನೆ ಕೇಳತೊಡಗಿದಳು.